‘ಬರಲ್ಲ’ ಮತ್ತು ‘ಇನ್ನೂ ಬಂದಿಲ್ಲ’

‘ನನಗೆ ಗಣಿತ ಬರಲ್ಲ’ ಅಂತ ಕನ್ನಡದಲ್ಲಿ ಹೇಳ್ತೀವಿ. ಅದನ್ನೇ ಮನೆಯಲ್ಲಿ ದಖನಿಯಲ್ಲಿ ಹೇಳಿದರೆ ‘ಮೇರೇಕು ಹಿಸಾಬ್ ನೈ ಆತಾ’. ಮುಂಬೈ, ಪುಣೆಯ ಮರಾಠಿಯಲ್ಲಿ ‘ಮಲಾ ಯೇತ್ ನಾಹೀ’, ಹೈದರಾಬಾದಿನ ತೆಲುಗಿನಲ್ಲಿ ‘ನಾಕು ರಾದು’, ಚೆನ್ನೈನ ತಮಿಳಿನಲ್ಲಿ ‘ಎನಕ್ಕು ವರಾದು’. ಭಾಷೆ ಬೇರೆ ಬೇರೆ, ವಾಕ್ಯದ ಕಟ್ಟು ಒಂದೇ. ಈ ಎಲ್ಲ ಮಾತುಗಳಲ್ಲೂ ವಿದ್ಯೆ ಎಲ್ಲಿಂದಲೋ ‘ಬರಬೇಕು’, ನಾವು ಕಾಯಬೇಕು. ಬಂದರೆ ಸರಿ, ಬರದಿದ್ದರೆ ನಸೀಬ್.

ಇದು ಭಾಷೆಯ ದೋಷ ಅಂತ ನಾನು ಹೇಳ್ತಿಲ್ಲ. ನಮ್ಮ ಭಾಷೆಗಳ ವ್ಯಾಕರಣವೇ ಹಾಗಿದೆ. ಆದರೆ ಎರಡು ಭಾಷೆಯ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯಾಗಿ ಒಂದು ವಿಷಯ ಗಮನಿಸಿದ್ದೇನೆ. ‘ಬರಲ್ಲ’ ಅಂದ ಮಗು ಪೆನ್ಸಿಲ್ ಕೆಳಗಿಡುತ್ತೆ. ‘ಇನ್ನೂ ಬಂದಿಲ್ಲ ಟೀಚರ್’ ಅಂದ ಮಗು ಪೆನ್ಸಿಲ್ ಹಿಡಿದೇ ಇರುತ್ತೆ.

ಸೋಲಾಪುರ ಸ್ಟೇಷನ್‌ನಲ್ಲಿ ನೀವು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯ್ತಿದ್ದೀರಿ ಅಂದುಕೊಳ್ಳಿ. ‘ಗಾಡಿ ಬರಲ್ಲ’ ಅಂತ ಯಾರೋ ಹೇಳಿದರೆ ಬ್ಯಾಗ್ ಎತ್ತಿಕೊಂಡು ಮನೆಗೆ ಹೊರಡ್ತೀರಿ. ‘ಗಾಡಿ ಇನ್ನೂ ಬಂದಿಲ್ಲ’ ಅಂದರೆ ಪ್ಲಾಟ್‌ಫಾರ್ಮ್ ಬಿಟ್ಟು ಕದಲಲ್ಲ. ಎರಡು ಮಾತುಗಳಲ್ಲೂ ಗಾಡಿ ಸದ್ಯಕ್ಕೆ ಇಲ್ಲ. ಆದರೆ ಕೇಳಿದವರು ಮುಂದೆ ಮಾಡುವ ಕೆಲಸ ಮಾತ್ರ ಪೂರ್ತಿ ಬೇರೆ. ಓದಿನ ವಿಷಯದಲ್ಲಿ ನಮಗೆ ನಾವೇ ಹೇಳಿಕೊಳ್ಳುವ ಮಾತೂ ಹೀಗೇ ಕೆಲಸ ಮಾಡುತ್ತೆ.

ಇನ್ನೊಂದು ವಾಕ್ಯ ನೋಡಿ. ‘ನಾನು ದಡ್ಡ, ನನಗೆ ಯಾವತ್ತೂ ಯಾವುದೂ ಬರಲ್ಲ.’ ಒಂದು ಪರೀಕ್ಷೆಯಲ್ಲಿ ಫೇಲಾದ ಹುಡುಗ ಹೇಳುವ ಮಾತಿದು. ಸೋಲನ್ನು ಜನ ತಮಗೆ ತಾವೇ ಹೇಗೆ ವಿವರಿಸಿಕೊಳ್ಳುತ್ತಾರೆ ಅನ್ನೋದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅಧ್ಯಯನ ಮಾಡಿದರು. ಅವರು ಮೂರು ವಿಷಯ ಗಮನಿಸಲು ಹೇಳುತ್ತಾರೆ: ಸೋಲು ಶಾಶ್ವತ ಅನ್ನಿಸುತ್ತಾ, ಎಲ್ಲ ಕಡೆಗೂ ಹಬ್ಬುತ್ತಾ, ಎಲ್ಲ ತಪ್ಪೂ ನನ್ನದೇ ಅನ್ನಿಸುತ್ತಾ? ಆ ಹುಡುಗನ ವಾಕ್ಯದಲ್ಲಿ ಮೂರೂ ಇವೆ. ‘ಯಾವತ್ತೂ’ ಅಂದಾಗ ಸೋಲು ಶಾಶ್ವತವಾಯಿತು. ‘ಯಾವುದೂ’ ಅಂದಾಗ ಗಣಿತದ ಸೋಲು ವಿಜ್ಞಾನಕ್ಕೂ ಇಂಗ್ಲಿಷಿಗೂ ಹಬ್ಬಿತು. ‘ನಾನು ದಡ್ಡ’ ಅಂದಾಗ ಅದು ಹುಟ್ಟುಗುಣವಾಯಿತು. ಅದೇ ಹುಡುಗ ‘ಈ ಸಲ ಬೀಜಗಣಿತದಲ್ಲಿ ಅಂಕ ಹೋಯ್ತು’ ಅಂದಿದ್ದರೆ ಸತ್ಯವನ್ನೇ ಹೇಳಿದಂತಾಗುತ್ತಿತ್ತು. ಸರಿಪಡಿಸಬೇಕಾದ್ದು ಯಾವುದು ಅನ್ನೋದೂ ಕಾಣುತ್ತಿತ್ತು.

1967ರಲ್ಲಿ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹಲವು, ಆಮೇಲೆ ಒಂದು ಗಿಡ್ಡ ತಡೆ ಹಾರಿದರೆ ಸಾಕು ಅನ್ನುವಾಗಲೂ ಎದ್ದೇಳಲಿಲ್ಲ. ನಾಯಿಗಳು ಅಸಹಾಯಕತೆಯನ್ನು ‘ಕಲಿತವು’ ಅಂತ ಆಗ ಅವರು ಅರ್ಥ ಮಾಡಿದರು. ಸುಮಾರು 50 ವರ್ಷಗಳ ಸಂಶೋಧನೆಯ ನಂತರ, 2016ರಲ್ಲಿ, ಅದೇ ಇಬ್ಬರೂ ತಮ್ಮ ಮಾತನ್ನು ತಿದ್ದಿಕೊಂಡರು. ದೀರ್ಘ ಕಷ್ಟ ಬಂದಾಗ ಕೈಚೆಲ್ಲಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾದ್ದು ಅದಕ್ಕೆ ವಿರುದ್ಧವಾದದ್ದು, ಅಂದರೆ ನನ್ನ ಕೈಯಲ್ಲೂ ಏನೋ ಇದೆ ಅನ್ನೋದು. ಅದನ್ನು ಕಲಿಸೋದು ಭಾಷಣದಿಂದ ಆಗಲ್ಲ, ಸಣ್ಣ ಸಣ್ಣ ಗೆಲುವುಗಳಿಂದ ಆಗುತ್ತೆ.

ಮುಂಬೈಯ ಒಂದು ಉದಾಹರಣೆ. ಕನ್ನಡ, ಉರ್ದು, ಮರಾಠಿ ಮಾಧ್ಯಮದಲ್ಲಿ 10ನೇ ತರಗತಿ ಮುಗಿಸಿ ಜೂನಿಯರ್ ಕಾಲೇಜಿಗೆ ಹೋಗುವ ಮಕ್ಕಳಿಗೆ ‘ವರ್ನ್ಯಾಕ್’ ಅನ್ನುವ ಅಡ್ಡಹೆಸರಿದೆ. ಮೊದಲು ಬೇರೆಯವರು ಕರೀತಾರೆ, ಆಮೇಲೆ ಮಕ್ಕಳೇ ಹೇಳಿಕೊಳ್ಳೋಕೆ ಶುರು ಮಾಡ್ತಾರೆ. ‘ನಾವು ವರ್ನ್ಯಾಕ್, ಸೈನ್ಸ್ ಹಮ್ನಾ ಕೈಕು?’ ಅಂತ ಪ್ರವೇಶದ ಫಾರ್ಮಿನಲ್ಲಿ ಬೇರೇನೋ ತುಂಬಿ ಬರ್ತಾರೆ. ಸಮಸ್ಯೆ ನಿಜಕ್ಕೂ ಏನು? ಕನ್ನಡದಲ್ಲಿ ‘ದ್ಯುತಿಸಂಶ್ಲೇಷಣೆ’ ಅಂತ, ಉರ್ದುವಿನಲ್ಲಿ ‘ಝಿಯಾಯಿ ತಾಲೀಫ್’ ಅಂತ ಓದಿದ ಮಗುವಿಗೆ, ಎಲೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದು ಚೆನ್ನಾಗೇ ಗೊತ್ತು. ಗೊತ್ತಿಲ್ಲದ್ದು ‘ಫೋಟೋಸಿಂಥೆಸಿಸ್’ ಅನ್ನುವ ಹೆಸರು ಮಾತ್ರ. ‘ಸೈನ್ಸ್ ಬರಲ್ಲ’ ಅನ್ನುವ ದೊಡ್ಡ ಮಾತಿನ ಒಳಗೆ ‘ಇಂಗ್ಲಿಷ್ ಹೆಸರುಗಳು ಇನ್ನೂ ಬಂದಿಲ್ಲ’ ಅನ್ನುವ ಚಿಕ್ಕ ಮಾತು ಅಡಗಿರುತ್ತೆ. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಒಂದು ನೋಟ್‌ಬುಕ್, ದಿನಕ್ಕೆ ಹತ್ತು ಪದ ಸಾಕು.

ಬಾನು ಮುಷ್ತಾಕ್ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಅವರ ಬಾಲ್ಯದ ಒಂದು ಸಂಗತಿ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಆ ಹುಡುಗಿಯನ್ನು 8ನೇ ವಯಸ್ಸಿನಲ್ಲಿ ಶಿವಮೊಗ್ಗದ ಒಂದು ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. 6 ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು ಅನ್ನುವ ಷರತ್ತಿತ್ತು. ಆಕೆ ಕೆಲವೇ ದಿನಗಳಲ್ಲಿ ಬರೆಯಲು ಶುರು ಮಾಡಿದರು. ಆಕೆಯ ಪ್ರತಿಭೆ ಎಲ್ಲರಿಗೂ ಇರಲ್ಲ, ಸರಿ. ನಾನು ತೋರಿಸಬೇಕೆಂದಿರುವುದು ಷರತ್ತಿನ ಭಾಷೆಯನ್ನು. ಷರತ್ತು ಕಠಿಣವೇ. ಆದರೆ ‘ಉರ್ದು ಮನೆಯ ಹುಡುಗಿಗೆ ಕನ್ನಡ ಬರಲ್ಲ’ ಅಂತ ಅದು ಹೇಳಲಿಲ್ಲ. ಏನು ಕಲಿಯಬೇಕು, ಎಷ್ಟು ದಿನದೊಳಗೆ ಅಂತ ಹೇಳಿತು. ಬಾಗಿಲು ತೆರೆದಿತ್ತು.

ಈಗ ಒಂದು ಎಚ್ಚರಿಕೆ. ಮಾತು ಬದಲಾಯಿಸಿದರೆ ಬದುಕೇ ಬದಲಾಗುತ್ತೆ ಅನ್ನೋರನ್ನು ನಂಬಬೇಡಿ. ಸಾಮರ್ಥ್ಯ ಬೆಳೆಯಬಲ್ಲದು ಅನ್ನುವ ಕ್ಯಾರಲ್ ಡ್ವೆಕ್ ಅವರ ವಿಚಾರವನ್ನು ಅಮೆರಿಕದಲ್ಲಿ 9ನೇ ತರಗತಿಯ ಸುಮಾರು 12,000 ಮಕ್ಕಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಗಂಟೆಯೂ ಇಲ್ಲದ ಪಾಠದಿಂದ, ಓದಿನಲ್ಲಿ ಹಿಂದಿದ್ದ ಮಕ್ಕಳ ಅಂಕ ಸ್ವಲ್ಪ ಏರಿತು, ಬಹಳವೇನಲ್ಲ. ಜೊತೆಯ ಮಕ್ಕಳೂ ಕಷ್ಟದ ಪಾಠಕ್ಕೆ ಹಿಂಜರಿಯದ ಶಾಲೆಗಳಲ್ಲಿ ಲಾಭ ಹೆಚ್ಚು ಕಂಡಿತು. ಅಂದರೆ ಮಾತಿನ ಜೊತೆಗೆ ಸುತ್ತಲಿನ ಜನರೂ ಬೇಕು.

ಇನ್ನು ಕೆಲವು ‘ಆಗಲ್ಲ’ಗಳು ನಿಜವೇ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ 25ರಷ್ಟು ಮಕ್ಕಳು ಶಾಲೆಗೇ ಹೋಗಿರಲಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದರು. ಆ ಮಕ್ಕಳೆಲ್ಲ ‘ನನ್ನಿಂದ ಆಗಲ್ಲ’ ಅಂದಿದ್ದಕ್ಕೆ ಹೀಗಾಯ್ತು ಅನ್ನೋದು ಅನ್ಯಾಯದ ಮಾತು. ಫೀಸಿಗೆ ದುಡ್ಡಿಲ್ಲದ್ದು, ಹತ್ತಿರದಲ್ಲಿ ಶಾಲೆ ಇಲ್ಲದ್ದು, ಮನೆಯವರು ಕಳಿಸದಿದ್ದದ್ದು ಮಗುವಿನ ದೌರ್ಬಲ್ಯ ಅಲ್ಲ. ಆದ್ದರಿಂದ ‘ಆಗಲ್ಲ’ ಅಂತ ಬಾಯಿಗೆ ಬಂದಾಗ ಮೊದಲು ಅದನ್ನು ಬಿಡಿಸಿ ನೋಡಿ. ಗೊತ್ತಿಲ್ಲವಾ? ಹೆದರಿಕೆಯಾ? ದುಡ್ಡಿಲ್ಲವಾ? ಮನೆಯಲ್ಲಿ ಬಿಡಲ್ಲವಾ? ಗೊತ್ತಿಲ್ಲದಿದ್ದರೆ ಕಲಿಯಬೇಕು. ಹೆದರಿಕೆಯಿದ್ದರೆ ಮೊದಲ ಸಲ ಯಾರಾದರೂ ಜೊತೆಗಿರಬೇಕು. ದುಡ್ಡಿಲ್ಲದಿದ್ದರೆ ಸ್ಕಾಲರ್‌ಶಿಪ್ ವಿಚಾರಿಸಬೇಕು. ಬಿಡದಿದ್ದರೆ ಅಬ್ಬಾ ಹತ್ತಿರ ಮಾತಾಡೋಕೆ ಚಾಚಾನೋ ಟೀಚರೋ ಬೇಕು. ನಾಲ್ಕಕ್ಕೂ ‘ಆಗಲ್ಲ’ ಅನ್ನುವ ಒಂದೇ ಪದ ಹಾಕಿದರೆ ಒಂದಕ್ಕೂ ದಾರಿ ಸಿಗಲ್ಲ.

ಬಿ.ಎಡ್. ಓದಿದ ಎಲ್ಲರಿಗೂ ವೈಗೋಟ್‌ಸ್ಕಿ ಗೊತ್ತು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗದಲ್ಲೇ ಕಲಿಕೆ ನಡೆಯುತ್ತೆ ಅಂತ ಅವರು ಹೇಳಿದರು. ನಮ್ಮ ‘ಇನ್ನೂ ಬಂದಿಲ್ಲ’ ಇರೋದು ಅದೇ ಜಾಗದಲ್ಲಿ. ಅದಕ್ಕೆ ಆ ಮಾತನ್ನು ಅರ್ಧಕ್ಕೆ ಬಿಡಬಾರದು. ಮೂರು ವಿಷಯ ಸೇರಿಸಿ: ಯಾವ ಭಾಗ, ಯಾವಾಗಿನೊಳಗೆ, ಯಾರ ನೆರವು. ‘ಇಂಗ್ಲಿಷ್ ಬರಲ್ಲ’ ಅನ್ನುವ ಬದಲು ‘ಓದಿದರೆ ಅರ್ಥ ಆಗುತ್ತೆ, ಮಾತಾಡೋದು ಇನ್ನೂ ಬಂದಿಲ್ಲ. ಈದ್ ರಜೆ ಮುಗಿಯೋದರೊಳಗೆ ಆಪಾ ಜೊತೆ ದಿನಾ ಹತ್ತು ನಿಮಿಷ ಮಾತಾಡ್ತೀನಿ’ ಅನ್ನಿ. ಇದು ಬರೀ ಧೈರ್ಯದ ಮಾತಲ್ಲ, ನಾಳೆ ಬೆಳಿಗ್ಗೆ ಶುರು ಮಾಡಬಹುದಾದ ಕೆಲಸ.

ತಂದೆತಾಯಿಗಳಿಗೂ ಒಂದು ಮಾತು. ಮನೆಗೆ ಬಂದವರ ಮುಂದೆ ‘ಇವನು ಓದೋದರಲ್ಲಿ ಡಲ್, ನಸೀಬಲ್ಲಿ ಬರೆದಿಲ್ಲ’ ಅಂದುಬಿಡ್ತೀವಿ. ಮಗು ಪಕ್ಕದ ಕೋಣೆಯಲ್ಲಿದ್ದರೂ ಕೇಳಿಸಿಕೊಳ್ಳುತ್ತೆ. ನಸೀಬಿನಲ್ಲಿ ಏನಿದೆ ಅಂತ ನಮಗ್ಯಾರಿಗೂ ತೋರಿಸಿಲ್ಲ. ಒಂಟೆ ಕಟ್ಟಿದ ಮೇಲೇ ತವಕ್ಕುಲ್ ಅಂತ ನಮ್ಮ ಹಿರಿಯರು ಕಲಿಸಿದ್ದಾರಲ್ವಾ? ಬಂದವರು ಕೇಳಿದರೆ ‘ಭಿನ್ನರಾಶಿ ಇನ್ನೂ ಬಂದಿಲ್ಲ, ಕಲೀತಿದ್ದಾನೆ’ ಅನ್ನಿ. ಅವರು ಹೋದ ಮೇಲೆ ಒಂದು ರೊಟ್ಟಿ ತಗೊಂಡು ನಾಲ್ಕು ಭಾಗ ಮಾಡಿ ಅವನ ಮುಂದಿಡಿ. ಅಲ್ಲಿಂದ ಶುರು ಮಾಡಿ.