ಹಲ್ಲುಗಳೇಕೆ ಸರಿಯುತ್ತವೆ?

ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಒಂದು ದವಡೆಹಲ್ಲನ್ನು ಕಳೆದುಕೊಂಡೆ. ಕೆಳಸಾಲಿನ ಎಡಗಡೆಯದು, ಹುಳುಕು ಬುಡದವರೆಗೂ ಇಳಿದಿತ್ತು. ಹಲ್ಲು ಕಿತ್ತ ವೈದ್ಯರು ಬೇಗನೆ ಅಲ್ಲಿ ಕಟ್ಟುಹಲ್ಲನ್ನು ಹಾಕಿಸಿಕೊಳ್ಳಬೇಕೆಂದು ಹೇಳಿದ್ದರು. ನಕ್ಕರೆ ಕಾಣದ ಹಲ್ಲು, ಅಗಿಯಲು ಬಲಗಡೆ ಇದ್ದೇ ಇದೆ ಎಂದು ಸುಮ್ಮನಾದೆ. ಒಂಬತ್ತು ವರ್ಷಗಳ ಅನಂತರ ಮತ್ತೆ ಹೋದಾಗ ಅವರು ಕನ್ನಡಿಯನ್ನು ಕೈಗೆ ಕೊಟ್ಟರು. ಖಾಲಿ ಜಾಗದ ಹಿಂದಿನ ಹಲ್ಲು ಮುಂದಕ್ಕೆ ವಾಲಿತ್ತು. ಮೇಲಿನ ಎದುರುಹಲ್ಲು ತನ್ನ ಸಾಲನ್ನು ಬಿಟ್ಟು ಕೆಳಗಿಳಿದಿತ್ತು. ಕಟ್ಟುಹಲ್ಲಿಗೆ ಬೇಕಾದ ಎಡೆಯೇ ಉಳಿದಿರಲಿಲ್ಲ. ಬಲಗಳ ಸಮತೋಲವನ್ನು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುವ ನನಗೆ ಇದು ಕೊಂಚ ನಾಚಿಕೆಯ ಸಂಗತಿಯೇ ಆಯಿತು.

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯಲ್ಲಿ ನಾಟಿಕೊಂಡಿದೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬೇರು ಮೂಳೆಗೆ ತಾಗಿಕೊಂಡಿರುವುದಿಲ್ಲ. ಇವೆರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಪೊರೆಯೊಂದಿದೆ. ಹಲ್ಲು ತನ್ನ ಕುಳಿಯಲ್ಲಿ ಈ ನಾರುಗಳಿಂದ ತೂಗುಬಿದ್ದಿದೆ ಎಂದರೆ ಹೆಚ್ಚು ಸರಿಯಾದೀತು. ಒಳಗಿನಿಂದ ನಾಲಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ, ಪಕ್ಕದಿಂದ ನೆರೆಹಲ್ಲು, ಎದುರಿನಿಂದ ಮತ್ತೊಂದು ಸಾಲಿನ ಹಲ್ಲು ಅದನ್ನು ಒತ್ತುತ್ತವೆ. ಇದಲ್ಲದೆ ಒಸಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಹಾದುಹೋಗುವ ನಾರುಗಳು ನೆರೆಹೊರೆಯ ಹಲ್ಲುಗಳನ್ನು ಪರಸ್ಪರ ಸೆಳೆದು ಹಿಡಿದಿವೆ. ಈ ಬಲಗಳು ಒಂದನ್ನೊಂದು ಸರಿದೂಗಿಸುವವರೆಗೆ ಹಲ್ಲು ನಿಂತಲ್ಲಿಯೇ ನಿಲ್ಲುತ್ತದೆ. 1963ರಲ್ಲಿ ವೈನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು ಈ ಸಮತೋಲವಾದವನ್ನು ಪ್ರಯೋಗಗಳ ಆಧಾರದಿಂದ ಮಂಡಿಸಿದರು. ಹಲ್ಲಿನ ಮಗ್ಗುಲಿಗೆ ಲೋಹದ ಸಣ್ಣ ಉಬ್ಬನ್ನು ಕೂಡಿಸಿ ಕೆನ್ನೆಯ ಒತ್ತಡವನ್ನು ತುಸುವೇ ಹೆಚ್ಚಿಸಿದರೂ ಕೆಲವೇ ವಾರಗಳಲ್ಲಿ ಹಲ್ಲು ಸರಿದಿತ್ತು.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಅಗಿಯುವಾಗ ದವಡೆಹಲ್ಲಿನ ಮೇಲೆ ಹತ್ತಾರು ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ಅದಕ್ಕೆ ಕದಲದ ಹಲ್ಲು ಕೆನ್ನೆಯ ಕೆಲವು ಗ್ರಾಂ ಒತ್ತಡಕ್ಕೆ ಮಣಿಯುವುದೆ? ಮಣಿಯುತ್ತದೆ. ಅಗಿತದ ಒಂದೊಂದು ಪೆಟ್ಟೂ ಒಂದು ಸೆಕೆಂಡಿಗಿಂತ ಕಡಿಮೆ ಕಾಲದ್ದು; ಪೊರೆಯಲ್ಲಿರುವ ದ್ರವವು ಆ ಹೊರೆಯನ್ನು ತಾಳಿಕೊಳ್ಳುತ್ತದೆ. ಕೆನ್ನೆ, ನಾಲಗೆ, ನಾರುಗಳ ಬಲಗಳಾದರೋ ಗಂಟೆಗಟ್ಟಲೆ ಬಿಡದೆ ವರ್ತಿಸುತ್ತವೆ. ಬಲದ ಪ್ರಮಾಣಕ್ಕಿಂತ ಅದರ ಅವಧಿಯೇ ಮುಖ್ಯವೆಂದು ಪ್ರಾಫಿಟ್ 1978ರಲ್ಲಿ ಈ ವಾದವನ್ನು ಪುನಃ ಪರಿಶೀಲಿಸುತ್ತ ಒತ್ತಿ ಹೇಳಿದರು.

ಆದರೆ ಗಟ್ಟಿಯಾದ ಮೂಳೆಯೊಳಗೆ ಹಲ್ಲು ಸಾಗುವುದಾದರೂ ಹೇಗೆ? ಸ್ಯಾಂಡ್‌ಸ್ಟೆಟ್ ಎಂಬ ಸ್ವೀಡಿಷ್ ವೈದ್ಯರು ನಾಯಿಗಳ ಹಲ್ಲುಗಳನ್ನು ತಂತಿಯಿಂದ ಸರಿಸಿ, ಸುತ್ತಲಿನ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1904ರಲ್ಲಿ ಉತ್ತರವನ್ನು ಪ್ರಕಟಿಸಿದರು. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಕರಗಿಸುವ ಜೀವಕೋಶಗಳು ಬೇರೆ, ಕಟ್ಟುವ ಜೀವಕೋಶಗಳು ಬೇರೆ. ಹೀಗೆ ಹಲ್ಲು ಮೂಳೆಯನ್ನು ಸೀಳಿಕೊಂಡು ಹೋಗುವುದಿಲ್ಲ. ಅದರ ಕುಳಿಯೇ ಅದರೊಡನೆ ಪಯಣ ಮಾಡುತ್ತದೆ. ಬೆಳವಣಿಗೆ ಮುಗಿದ ವಯಸ್ಕರಲ್ಲಿಯೂ ಈ ಕಾರ್ಯ ನಿಲ್ಲುವುದಿಲ್ಲ.

ಇನ್ನು ವಾಲುವಿಕೆಯ ಕಾರಣ ಸ್ಪಷ್ಟ. ನೆಲದಲ್ಲಿ ಹೂತ ಕಂಬದ ತಲೆಯನ್ನು ನೂಕಿದರೆ ಅದು ನೆಟ್ಟಗೆ ಸರಿಯದೆ ಓರೆಯಾಗುತ್ತದೆಯಷ್ಟೆ? ಹಲ್ಲಿನ ಮೇಲೆ ಬೀಳುವ ಬಲಗಳೂ ಬಹುಮಟ್ಟಿಗೆ ಒಸಡಿನ ಮೇಲಿರುವ ಭಾಗದ ಮೇಲೆಯೇ ಬೀಳುತ್ತವೆ; ತಡೆಯಾದರೋ ಕೆಳಗೆ, ಬೇರಿನ ಸುತ್ತ ಇದೆ. ಆದುದರಿಂದ ಹಿಂದಿನ ದವಡೆಹಲ್ಲು ಮುಂದಕ್ಕೆ ಬಾಗುತ್ತದೆ. ಮುಂದಿನ ಹಲ್ಲು ಒಮ್ಮೊಮ್ಮೆ ಹಿಂದಕ್ಕೆ ಸರಿಯುತ್ತದೆ. ಮೇಲಿನದು ಇಳಿಯುವುದೇಕೆಂದರೆ, ಹಲ್ಲಿನಲ್ಲಿ ಹೊರಕ್ಕೆ ಹುಟ್ಟಿಬರುವ ಪ್ರವೃತ್ತಿ ಪೂರ್ಣವಾಗಿ ಅಡಗುವುದೇ ಇಲ್ಲ. ಎದುರುಹಲ್ಲು ಅದನ್ನು ತಡೆದಿರುತ್ತದೆ, ಅಷ್ಟೆ.

ಎಲ್ಲರಲ್ಲಿಯೂ ಹೀಗೆಯೇ ಆಗುತ್ತದೆಂದು ವಾಚಕರು ಭಾವಿಸಬೇಕಾಗಿಲ್ಲ. ಹತ್ತು ವರ್ಷಗಳಿಗೂ ಮಿಕ್ಕಿ ಎದುರುಹಲ್ಲಿಲ್ಲದೆ ಇದ್ದ ದವಡೆಹಲ್ಲುಗಳನ್ನು ಅಳೆದು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು ಐದರಲ್ಲೊಂದು ಹಲ್ಲು ಕದಲಿರಲೇ ಇಲ್ಲ. ಸುಮಾರು ನಾಲ್ಕರಲ್ಲೊಂದು 2 ಮಿಲಿಮೀಟರಿಗಿಂತ ಹೆಚ್ಚು ಇಳಿದಿತ್ತು. ಯಾರ ಹಲ್ಲು ಯಾವ ಗುಂಪಿಗೆ ಸೇರೀತೆಂದು ಮೊದಲೇ ಹೇಳುವುದು ಕಷ್ಟ. ವಾಲಿದ ಹಲ್ಲಿನ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡು ಒಸಡು ಕೆಡುತ್ತದೆ. ಎರಡು ಕಡೆಯ ದವಡೆಹಲ್ಲುಗಳೂ ಹೋಗಿ, ಮುಂದಿನ ಹಲ್ಲುಗಳ ಆಸರೆಯ ಮೂಳೆಯೂ ಸವೆದಿದ್ದರೆ, ಅಗಿತದ ಭಾರವನ್ನು ತಾಳಲಾರದೆ ಮೇಲಿನ ಬಾಚಿಹಲ್ಲುಗಳು ಹೊರಕ್ಕೆ ಚಾಚಿ ನಡುವೆ ಸಂದುಬಿಡುತ್ತವೆ.

ನಾನು ಕಳೆದುಕೊಂಡದ್ದು ಮೊದಲನೆಯ ದವಡೆಹಲ್ಲು. ಇದು ಸುಮಾರು ಆರನೆಯ ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಹುಟ್ಟುತ್ತದೆ. ಆದಕಾರಣ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕು ಬಿದ್ದರೂ ಉಪೇಕ್ಷಿಸುತ್ತಾರೆ. ನನ್ನ ತಾಯಿಯವರೂ ಹಾಗೆಯೇ ಎಣಿಸಿದ್ದರು.

ಈಗ ನನ್ನ ವಾಲಿದ ಹಲ್ಲಿಗೆ ವೈದ್ಯರು ಸಣ್ಣದೊಂದು ಸ್ಪ್ರಿಂಗನ್ನು ಕಟ್ಟಿದ್ದಾರೆ. ಹಲ್ಲನ್ನು ಬಾಗಿಸಿದ ನಿಯಮದಿಂದಲೇ, ಹಗುರವಾದ ಬಲವನ್ನು ಬಿಡದೆ ಪ್ರಯೋಗಿಸಿ, ಅದನ್ನು ನೆಟ್ಟಗೆ ಮಾಡುವುದು ಅವರ ಉದ್ದೇಶ. ನಾಲ್ಕು ತಿಂಗಳಾಗಿವೆ, ಅರ್ಧದಷ್ಟು ಎದ್ದಿದೆ. ಕೆಳಗಿಳಿದ ಮೇಲಿನ ಹಲ್ಲಿನ ತುದಿಯನ್ನು ತೇಯಬೇಕೆ ಬೇಡವೆ ಎಂಬುದು ಇನ್ನೂ ನಿಶ್ಚಯವಾಗಿಲ್ಲ.