ಗಾಜಿನ ಮೇಲೆ ಕುಳಿತ ಉಸಿರು

ಆರಿದ್ರಾ ಮಳೆ ಹಿಡಿದ ಮೇಲೆ ಶಿವಮೊಗ್ಗ, ಭದ್ರಾವತಿಗಳ ಹಳೆಯ ಕಾರುಗಳಲ್ಲಿ ಒಳಗಾಜು ಮಬ್ಬಾಗುವುದೂ ಸೀಟು, ಮ್ಯಾಟುಗಳಿಂದ ಮುಗ್ಗಲು ವಾಸನೆ ಏಳುವುದೂ ಸಾಮಾನ್ಯ. ಹೊರಗಿನ ಮಳೆಗಾಳಿಯೇ ಇದಕ್ಕೆ ಕಾರಣವೆಂದು ಬಗೆದು, ಕಿಟಕಿಗಳನ್ನು ಬಿಗಿದು, ಹೊರಗಾಳಿಯ ದಾರಿಯನ್ನೂ ಮುಚ್ಚಿ ಓಡಿಸುವ ರೂಢಿ ವ್ಯಾಪಕವಾಗಿದೆ. ಇದು ಪೂರ್ತಿ ತಪ್ಪು.

24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 22 ಗ್ರಾಂಗಿಂತ ಹೆಚ್ಚು ನೀರಾವಿಯನ್ನು ಹಿಡಿಯಲಾರದು. ಕಾರಿನೊಳಗಿನ ಗಾಳಿ 3 ಘನ ಮೀಟರ್ ಎಂದುಕೊಂಡರೆ ಅದರ ಮಿತಿ 66 ಗ್ರಾಂ. ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ಆವಿಯನ್ನು ಬಿಡುವುದರಿಂದ, ನಾಲ್ವರು ಕುಳಿತು ಶಿವಮೊಗ್ಗದಿಂದ ಭದ್ರಾವತಿಗೆ ಅರ್ಧ ಗಂಟೆ ಸಾಗುವಷ್ಟರಲ್ಲಿ 80 ಗ್ರಾಂ ಸೇರುತ್ತದೆ. ಮಿತಿ ಮೀರಿದ ಈ ಆವಿ, ಮಳೆಯಿಂದ ತಣ್ಣಗಾದ ಗಾಜಿಗೆ ತಗುಲಿ ಹನಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, 22 ಡಿಗ್ರಿಯ ಮಳೆಗಾಳಿ ಪೂರ್ತಿ ತೇವವಾಗಿದ್ದರೂ ಒಳಬಂದು 26 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಹಿಡಿಯಬಲ್ಲ ಆವಿಯಲ್ಲಿ ವಾಸ್ತವವಾಗಿ ಇರುವ ಪಾಲು, ಸುಮಾರು ಶೇ. 79ಕ್ಕೆ ಇಳಿದು, ಅದು ಇನ್ನಷ್ಟು ತೇವವನ್ನು ಹೊತ್ತೊಯ್ಯಲು ಸಿದ್ಧವಾಗುತ್ತದೆ.

ಎಸಿ ಮತ್ತು ಹೀಟರ್ ಒಟ್ಟಿಗೆ ನಡೆದಾಗ ಜರುಗುವುದು ಇದಕ್ಕಿಂತ ಸೊಗಸು. ತಂಪು ಸುರುಳಿಯ ಮೇಲೆ ಹಾಯ್ದು 10 ಡಿಗ್ರಿಗೆ ಇಳಿದ ಗಾಳಿ, ಘನ ಮೀಟರಿಗೆ 9.4 ಗ್ರಾಂ ಆವಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ನೀರಾಗಿ ಕಾರಿನಡಿಗೆ ಸುರಿಸುತ್ತದೆ. ಅದೇ ಗಾಳಿಯನ್ನು ಹೀಟರ್ 25 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು ಶೇ. 39ರಷ್ಟಾಗಿ, ಸುರಿಯುವ ಮಳೆಯ ನಡುವೆಯೂ ಕಾರಿನೊಳಗೆ ಬೇಸಿಗೆಯ ಒಣಗಾಳಿ ಹುಟ್ಟುತ್ತದೆ. ಎಸಿ ಬೇಸಿಗೆಗೆ ಮಾತ್ರ ಎಂದು ತಿಳಿದವರು ಅದರ ಅರ್ಧ ಉಪಯೋಗವನ್ನು ಬಿಟ್ಟುಕೊಟ್ಟಂತೆ.

ಒಳಗಿನ ಗಾಳಿಗೆ ಹೊರಹೋಗುವ ದಾರಿಯೂ ಬೇಕು. ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಮುಂಬಾಗಿಲಿನ ತ್ರಿಕೋನ ಗಾಜನ್ನು ಓರೆಯಾಗಿ ತಿರುಗಿಸಿದಾಗ ಅದರ ಹಿಂಬದಿಯಲ್ಲಿ ಒತ್ತಡ ಕಡಿಮೆಯಾಗಿ ಒಳಗಾಳಿ ಹೊರಕ್ಕೆ ಸೆಳೆಯಲ್ಪಡುತ್ತಿತ್ತು. ಈಚಿನ ಅನೇಕ ಕಾರುಗಳಲ್ಲಿ ಈ ಕೆಲಸವನ್ನು ಹಿಂಬಂಪರಿನ ಒಳಗೆ ಅಡಗಿದ ರಬ್ಬರ್ ಪಟ್ಟಿಯ ಕಿಂಡಿಗಳು ಮಾಡುವುದರಿಂದ, ಡಿಕ್ಕಿಯ ಸಾಮಾನು ಅವುಗಳಿಗೆ ಅಡ್ಡವಾದರೆ ಬ್ಲೋವರ್ ಎಷ್ಟು ಬೀಸಿದರೂ ಫಲ ಕಡಿಮೆ.

ಮ್ಯಾಟಿನಡಿ ನೀರು ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ವೈಪರ್ ಬುಡದ ಜಾಲರಿಯ ಕೆಳಗಿನ ತೊಟ್ಟಿಯನ್ನು. ಹೊಂಗೆ, ಮೇಫ್ಲವರ್ ಮರಗಳಡಿ ನಿಲ್ಲಿಸಿದ ಕಾರಿನಲ್ಲಿ ಎಲೆಗಳು ಈ ತೊಟ್ಟಿಯ ತೂತುಗಳನ್ನು ಮುಚ್ಚಿದಾಗ, ಮಳೆನೀರು ಗಾಳಿಯ ದಾರಿಯಲ್ಲೇ ಒಳಗಿಳಿಯುತ್ತದೆ. ಸೋರುವ ನೀರು ಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆಯದಲ್ಲ, ಹೀಟರಿನ ಕೂಲೆಂಟ್.

ಡ್ಯಾಶ್‌ಬೋರ್ಡಿನ ಮೇಲಿಟ್ಟ ಕರ್ಪೂರವಾಗಲಿ ಸುಗಂಧದ ಸೀಸೆಯಾಗಲಿ ಒಂದು ಹನಿ ನೀರನ್ನೂ ಹೀರುವುದಿಲ್ಲ. ಅವು ವಾಸನೆಯನ್ನು ಮರೆಸಿ, ಬೂಷ್ಟಿಗೆ ಬೆಳೆಯಲು ಕಾಲಾವಕಾಶ ಕೊಡುತ್ತವೆ. ಅಡುಗೆ ಉಪ್ಪು ತೇವ ಹೀರುವುದು ನಿಜವಾದರೂ ಆರ್ದ್ರತೆ ಶೇ. 75 ದಾಟಿದ ಮೇಲಷ್ಟೇ, ಮತ್ತು ಆಗ ಅದು ತಾನೇ ಕರಗಿ ಮ್ಯಾಟಿನ ಮೇಲೆ ಹರಿಯುತ್ತದೆ. ಉಪ್ಪುನೀರು ತಗಡಿಗೆ ಮಳೆನೀರಿಗಿಂತ ದೊಡ್ಡ ಶತ್ರು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಜನಕ್ಕೆ ತುಕ್ಕಿನ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿಟ್ಟ ಮೊದಲ ಬಿಸಿಲಿನಲ್ಲಿ ಮ್ಯಾಟುಗಳನ್ನೆಲ್ಲ ಹೊರತೆಗೆದು, ನಾಲ್ಕೂ ಬಾಗಿಲುಗಳನ್ನು ತೆರೆದಿಟ್ಟು, ನೆಲದ ತಗಡನ್ನು ಕೈಯಿಂದ ಮುಟ್ಟಿ ನೋಡಬೇಕು.