ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಿಣುಕುವುದೇಕೆ?

ರಾತ್ರಿ ಲೈಟ್ ಆರಿಸಿ ಮಲಗಿದ ಮೇಲೂ ಎಲ್‌ಇಡಿ ಅಥವಾ ಸಿಎಫ್‌ಎಲ್ ಬಲ್ಬ್ ಕೆಲವು ಸೆಕೆಂಡಿಗೊಮ್ಮೆ ಮಿಣಕ್ಕನೆ ಹೊಳೆದು ಆರುವುದನ್ನು ನೀವು ನೋಡಿರಬಹುದು. ಕೆಲವು ಮನೆಗಳಲ್ಲಿ ಬಲ್ಬ್ ಇಡೀ ರಾತ್ರಿ ಮಂದವಾಗಿ ಉರಿಯುತ್ತಲೇ ಇರುತ್ತದೆ. ಬಲ್ಬ್ ಕೆಟ್ಟಿದೆ, ಬಿಲ್ ಏರುತ್ತದೆ, ಮನೆಗೇ ಏನೋ ದೋಷವಿದೆ ಎಂಬ ಮಾತುಗಳೂ ಕೇಳಿಬರುತ್ತವೆ. ನಿಜ ಏನೆಂದು ನಾವು ನೋಡೋಣ.

ಬುರುಡೆ ಬಲ್ಬಿಗೆ ಇಲ್ಲದ ತೊಂದರೆ

60 ವ್ಯಾಟ್‌ನ ಹಳೆಯ ಬುರುಡೆ ಬಲ್ಬ್ ನಮ್ಮ 230 ವೋಲ್ಟ್ ಪೂರೈಕೆಯಲ್ಲಿ ಸುಮಾರು 260 ಮಿಲಿಆಂಪಿಯರ್ ಕರೆಂಟ್ ಎಳೆಯುತ್ತದೆ. ಒಳಗಿನ ತಂತಿ ಕಾದು ಕೆಂಪಾದರೆ ಮಾತ್ರ ಅದು ಬೆಳಗುತ್ತದೆ. ಸ್ವಿಚ್ ಆಫ್ ಇದ್ದಾಗ ಅರ್ಧ ಮಿಲಿಆಂಪಿಯರ್ ಸೋರಿದರೂ ತಂತಿ ಬಿಸಿಯಾಗುವುದಿಲ್ಲ. ಹಾಗಾಗಿ ಸೋರಿಕೆ ಇದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬ್‌ಗಳು ಮನೆಮನೆಗೆ ಬಂದವು. ಎಲ್‌ಇಡಿ ಅತ್ಯಲ್ಪ ಕರೆಂಟಿಗೂ ಬೆಳಗುತ್ತದೆ. ಜೊತೆಗೆ ಬಲ್ಬಿನ ಒಳಗಿರುವ ಪುಟ್ಟ ಸರ್ಕ್ಯೂಟ್‌ನಲ್ಲಿ ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಚೊಂಬು ಇಟ್ಟಂತೆ, ಸೋರಿದ ಕರೆಂಟ್ ಇದರಲ್ಲಿ ನಿಧಾನವಾಗಿ ತುಂಬುತ್ತದೆ. ಸಾಕಷ್ಟು ತುಂಬಿದೊಡನೆ ಸರ್ಕ್ಯೂಟ್ ಚಾಲೂ ಆಗಿ ಬಲ್ಬ್ ಒಮ್ಮೆ ಮಿನುಗುತ್ತದೆ, ಕೆಪಾಸಿಟರ್ ಖಾಲಿಯಾಗುತ್ತದೆ. ಮತ್ತೆ ಅದೇ ಆಟ.

ಕರೆಂಟ್ ಸೋರುವುದು ಎಲ್ಲಿಂದ?

ಮೊದಲನೆಯದು, ಒಳಗೇ ಪುಟ್ಟ ದೀಪವಿರುವ ಸ್ವಿಚ್. ಸ್ವಿಚ್ ಆಫ್ ಇದ್ದಾಗ ಬೆಳಗುವ ಈ ದೀಪಕ್ಕೆ ಬೇಕಾದ ಕರೆಂಟ್ ಬಲ್ಬಿನ ಮೂಲಕವೇ ಹಾದುಹೋಗುತ್ತದೆ. ಬೋರ್ಡಿನಲ್ಲಿ ಕರೆಂಟ್ ಇರುವವರೆಗೂ ಉರಿಯುವ ಪ್ರತ್ಯೇಕ ಇಂಡಿಕೇಟರ್ ಹೀಗೆ ಮಾಡುವುದಿಲ್ಲ, ಅದರ ಸಂಪರ್ಕವೇ ಬೇರೆ. ನ್ಯೂಟ್ರಲ್ ಸಂಪರ್ಕವಿಲ್ಲದ ಕೆಲವು ಸ್ಮಾರ್ಟ್ ಸ್ವಿಚ್, ಸೆನ್ಸರ್‌ಗಳೂ ಹೀಗೆಯೇ ಬಲ್ಬಿನ ಮೂಲಕ ಕರೆಂಟ್ ಪಡೆಯುತ್ತವೆ.

ಎರಡನೆಯದು, ಒಂದೇ ಪೈಪಿನಲ್ಲಿ ದೂರದವರೆಗೆ ಜೊತೆಯಾಗಿ ಸಾಗುವ ತಂತಿಗಳು. ಕರೆಂಟ್ ಇರುವ ತಂತಿ ಪಕ್ಕದ ಆಫ್ ಆದ ತಂತಿಗೂ ಚೂರು ಕರೆಂಟ್ ದಾಟಿಸುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್‌ಗಳಲ್ಲಿ ಇದು ಸಾಮಾನ್ಯ.

ಮೂರನೆಯದೇ ಅಪಾಯಕಾರಿ. ನಿಯಮದ ಪ್ರಕಾರ ಸ್ವಿಚ್ ಫೇಸ್ ತಂತಿಯಲ್ಲಿರಬೇಕು. ತಪ್ಪಿ ನ್ಯೂಟ್ರಲ್‌ನಲ್ಲಿ ಹಾಕಿದ್ದರೂ ಬಲ್ಬ್ ಎಂದಿನಂತೆ ಹತ್ತುತ್ತದೆ, ಆರುತ್ತದೆ. ಆದರೆ ಆಫ್ ಮಾಡಿದಾಗಲೂ ಹೋಲ್ಡರ್‌ವರೆಗೆ 230 ವೋಲ್ಟ್ ಇದ್ದೇ ಇರುತ್ತದೆ. ಸ್ವಿಚ್ ನಂಬಿ ಬಲ್ಬ್ ಬದಲಿಸಲು ಹೋದವರಿಗೆ ಜೀವ ತೆಗೆಯುವಂಥ ಶಾಕ್ ಹೊಡೆಯಬಹುದು.

ಬಿಲ್ ಏರುತ್ತದೆಯೇ?

ಇಲ್ಲವೆಂದೇ ಹೇಳಬಹುದು. ಇಂಥ ಸೋರಿಕೆ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್ ಕೂಡ ಮುಟ್ಟುವುದಿಲ್ಲ. ತಿಂಗಳಿಡೀ ಸೋರಿದರೂ ಕಾಲು ಯೂನಿಟ್ ಆಗದು. ಆದರೆ ಸಿಎಫ್‌ಎಲ್ ಪದೇ ಪದೇ ಹೊತ್ತಿಕೊಳ್ಳಲು ಹೆಣಗಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಆರಿಸಿದ ಕೂಡಲೇ ಕೆಲವು ಸೆಕೆಂಡು ಮಸುಕಾಗಿ ಹೊಳೆದು ನಿಂತರೆ ಅದು ಸಹಜ, ಚಿಂತೆ ಬೇಡ.

ಏನು ಮಾಡಬೇಕು?

ನಿಮ್ಮ ಸ್ವಿಚ್‌ನೊಳಗೆ ದೀಪವಿದ್ದರೆ ಬಹುಮಟ್ಟಿಗೆ ಅದೇ ಕಾರಣ. ದೀಪವಿಲ್ಲದ ಸ್ವಿಚ್ ಹಾಕಿಸಿದರೆ ಸಾಕು. ಬೇರೆ ಬಲ್ಬ್ ಹಾಕಿದರೂ ಮಿಣುಕು ನಿಲ್ಲಬಹುದು, ಆದರೆ ವೈರಿಂಗ್ ತಪ್ಪಿದ್ದರೆ ಅದು ಹಾಗೇ ಉಳಿಯುತ್ತದೆ. ಆದ್ದರಿಂದ ಸ್ವಿಚ್ ಫೇಸ್‌ನಲ್ಲಿದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಪಕ್ಕದ ತಂತಿಯಿಂದ ದಾಟಿ ಬಂದ ಕರೆಂಟಿಗೂ ಟೆಸ್ಟರ್ ಬೆಳಗುವುದರಿಂದ ಅದೊಂದನ್ನೇ ನಂಬಿ ನೀವೇ ತೀರ್ಮಾನಿಸಬೇಡಿ.

ಅಲ್ಲಿಯವರೆಗೆ ಒಂದು ಅಭ್ಯಾಸ ಇಟ್ಟುಕೊಳ್ಳಿ: ಬಲ್ಬ್ ಬದಲಿಸುವ ಮುನ್ನ ಗೋಡೆಯ ಸ್ವಿಚ್ ಅಷ್ಟೇ ಅಲ್ಲ, ಮೇನ್ ಸ್ವಿಚ್ ಕೂಡ ಆಫ್ ಮಾಡಿ.